ಆಗ್ರಾದಲ್ಲಿ ಕಂಡ ಗೋಡೆ

ಕಳೆದ ತಿಂಗಳು ಮುಂಬಯಿಯ ಗೋರೆಗಾಂವಿನ ಒಂದು ಸಣ್ಣ ಹಾಲ್‌ನಲ್ಲಿ ನಮ್ಮ ಅಡುಗೆಯವರ ವೈಕುಂಠ ಸಮಾರಾಧನೆ ನಡೆಯಿತು. ಊಟಕ್ಕೆ ಮೊದಲು ನಮ್ಮ ಟೂರ್ ಕಂಪನಿಯ ಮಾಲೀಕ ಸೇಠ್ ಮೈಕ್ ಹಿಡಿದರು. ತಾಜ್‌ಮಹಲ್ ಕಟ್ಟಿಸಿದ ಬಾದಶಹನೇ ಅದನ್ನು ನೋಡಿರದಷ್ಟು ಸಲ ನಮ್ಮ ಮಹಾರಾಜ್ ನೋಡಿದ್ದರು, ಅಲ್ಲಿಯ ಗೇಟಿನ ಪೊಲೀಸರಿಗೂ ಇವರ ಗುರುತು ಸಿಗುತ್ತಿತ್ತು ಎಂದು ಹಿಂದಿಯಲ್ಲಿ ಹೇಳಿ ಕರ್ಚೀಫಿನಿಂದ ಕಣ್ಣೊರೆಸಿಕೊಂಡರು. ಅವರ ಬೆನ್ನ ಹಿಂದೆ ಕಂಪನಿಯವರೇ ಮಾಡಿಸಿ ತಂದು ಕಟ್ಟಿದ್ದ ದೊಡ್ಡ ಫ್ಲೆಕ್ಸ್ ಇತ್ತು. ಅದರಲ್ಲಿ ಸತ್ತವರು ಎಡ ಹೆಗಲ ಮೇಲೆ ಅಡುಗೆಯ ಟವೆಲ್ ಹಾಕಿಕೊಂಡು ನಗುತ್ತಿದ್ದರು, ಅವರ ಹಿಂದೆ ಬೆಳ್ಳಗೆ ತಾಜ್‌ಮಹಲ್. ಹೆಗಲ ಮೇಲೆ ಅಡುಗೆಯ ಟವೆಲ್ ಹಾಕಿಕೊಂಡು ತಾಜ್‌ಮಹಲ್ ನೋಡಲು ಯಾರು ಹೋಗುತ್ತಾರೆ ಎಂದು ಆ ಎರಡು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಅಂಟಿಸಿದವರಿಗೆ ಹೊಳೆಯಲೇ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಆ ಹಾಲ್‌ನಲ್ಲಿ ಏನಾಯಿತು ಎಂಬುದನ್ನು ಹೇಳುತ್ತೇನೆ. ಅದಕ್ಕೆ ಮೊದಲು ಆ ಮನುಷ್ಯ ಎಂಥವರು ಎಂಬುದು ನಿಮಗೆ ಗೊತ್ತಾಗಬೇಕು.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಪ್ರಯೋಜನವಿಲ್ಲ. ಕಂಪನಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮುಂಬಯಿಯ ಟೂರ್ ಕಂಪನಿಗಳಲ್ಲಿ ಅಡುಗೆಯವರನ್ನು ‘ಮಹಾರಾಜ್’ ಎನ್ನುತ್ತಾರೆ. ಕರೆಯುವುದು ಮಹಾರಾಜ್ ಎಂದು, ಕೂರಿಸುವುದು ಪಾತ್ರೆ ಡಬ್ಬಗಳ ಪಕ್ಕದಲ್ಲಿ. ನಮ್ಮ ಕಡೆಯ ಟೂರಿಸ್ಟರು ದೇಶ ನೋಡಲು ಹೊರಟರೆ ಅಡುಗೆಮನೆಯನ್ನೂ ಜೊತೆಗೆ ಒಯ್ಯುತ್ತಾರೆ ಎಂಬುದು ನಿಮಗೆ ಗೊತ್ತಿರಬಹುದು. ಬೇರೆ ಊರಿನ ಕೋಟೆ ಬೇಕು, ಅರಮನೆ ಬೇಕು, ಬೇರೆ ಊರಿನ ಊಟ ಮಾತ್ರ ಬೇಡ. ಹಾಗಾಗಿ ದೆಹಲಿ, ಮಥುರಾ, ಆಗ್ರಾ ಎಂದು ಹೋಗುವ ಪ್ರತಿ ಗುಂಪಿನ ಜೊತೆ ಒಲೆ, ಕಡಾಯಿ, ಮಸಾಲೆ, ಉಪ್ಪಿನಕಾಯಿ ಮತ್ತು ಒಬ್ಬ ಮಹಾರಾಜ್ ಹೋಗುತ್ತಾರೆ. ಹೋಟೆಲಿನವರು ಹಿತ್ತಲಲ್ಲಿ ಒಂದು ಮೂಲೆ ಬಿಟ್ಟುಕೊಡುತ್ತಾರೆ. ಊರು ಯಾವುದೇ ಇರಲಿ, ಮಹಾರಾಜ್ ನೋಡುವುದು ಆ ಮೂಲೆಯನ್ನು.

ನಾನು ಆ ಕಂಪನಿಯಲ್ಲಿ ಟೂರ್ ಮ್ಯಾನೇಜರ್ ಆಗಿದ್ದೆ. ನಮ್ಮಪ್ಪ ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು, ಜಗಳವಾಡಲು ಕಲಿತದ್ದು ಎಲ್ಲ ಗೋರೆಗಾಂವಿನಲ್ಲೇ. ಫೋರ್ಟ್ ಬಡಾವಣೆಯ ಕಂಪನಿ ಆಫೀಸಿನಲ್ಲಿ ಮೊದಲ ದಿನ ಸಿಟ್ಟಿನಲ್ಲಿ ಫೋನಿಗೆ ಏನೋ ಕನ್ನಡದಲ್ಲಿ ಬೈದುಕೊಂಡಾಗ, ಬಾಗಿಲ ಬಳಿ ಮಸಾಲೆಯ ಡಬ್ಬಗಳಿಗೆ ಹಗ್ಗ ಬಿಗಿಯುತ್ತಿದ್ದ ಒಬ್ಬ ಎತ್ತರದ ಮನುಷ್ಯ ತಲೆ ಎತ್ತಿದರು. ಉಡುಪಿಯ ಕಡೆಯವರು, ಗ್ರಾಂಟ್ ರೋಡಿನ ಒಂದು ಹೋಟೆಲಿನಲ್ಲಿ ಎಷ್ಟೋ ವರ್ಷ ದೋಸೆ ಹುಯ್ದು ಆಮೇಲೆ ಇಲ್ಲಿಗೆ ಬಂದವರು. ಬೈಗುಳ ಒಳ್ಳೆಯದುಂಟು, ಆದರೆ ಉಪ್ಪು ಸ್ವಲ್ಪ ಹೆಚ್ಚಾಯಿತು ಎಂದರು. ನಮ್ಮ ಸ್ನೇಹ ಅಲ್ಲಿಂದ ಶುರುವಾಯಿತು. ಮರಾಠಿ, ಗುಜರಾತಿ ಮಾತನಾಡುವ ಟೂರಿಸ್ಟರ ನಡುವೆ ನಮ್ಮಿಬ್ಬರಿಗೂ ಗುಟ್ಟಿನ ಭಾಷೆಯೊಂದು ಸಿಕ್ಕಿತು. ಅದರಲ್ಲಿ ಅವರು ಟೂರಿಸ್ಟರನ್ನು ನಗುನಗುತ್ತಾ ಬೈಯುತ್ತಿದ್ದರು. ಬಡಿಸುವಾಗ ಒಬ್ಬ ಹೆಂಗಸಿಗೆ ಕೈಮುಗಿದು ಇನ್ನೊಂದು ಪೂರಿ ಹಾಕುತ್ತಾ, ಇವರ ಹೊಟ್ಟೆಯಲ್ಲಿ ಒಂದು ಬಸ್ ನಿಲ್ಲಿಸಬಹುದು ಎಂದು ನನಗೆ ಹೇಳಿದ್ದುಂಟು.

ಅವರು ವಿನಯವಂತರಲ್ಲ, ಹಾಗೆಂದು ಯಾರಾದರೂ ಬರೆದರೆ ನಂಬಬೇಡಿ. ಹೋಟೆಲಿನ ಅಡುಗೆಯವರು ತಮ್ಮ ಒಲೆಯ ಹತ್ತಿರ ಬಂದರೆ ಸೌಟು ಎತ್ತುತ್ತಿದ್ದರು. ಯಾರಾದರೂ ಅಡುಗೆ ಚೆನ್ನಾಗಿದೆ ಎಂದರೆ, ಗೊತ್ತುಂಟು ಎನ್ನುತ್ತಿದ್ದರು. ಅಡುಗೆಯ ರುಚಿ ನೋಡುತ್ತಿರಲಿಲ್ಲ. ಬಡಿಸುವ ಮೊದಲು ಬಾಯಿಗೆ ಹಾಕುವುದು ಅವರ ಮನೆತನದ ಕ್ರಮದಲ್ಲಿ ಇಲ್ಲ. ಕುದಿಯುವ ಪಾತ್ರೆಯ ಮೇಲೆ ಬಾಗಿ, ಕಣ್ಣುಮುಚ್ಚಿ ಮೂಸಿ, ಟವೆಲಿನಿಂದ ಮೂಗು ಒರೆಸಿಕೊಂಡು ಆಯ್ತು ಎನ್ನುತ್ತಿದ್ದರು. ಒಂದೊಂದು ಸಲ ಉಪ್ಪೇ ಬಿದ್ದಿರುತ್ತಿರಲಿಲ್ಲ. ನಾನು ಹೇಳಿದರೆ, ನಿಮ್ಮ ನಾಲಿಗೆ ಕೆಟ್ಟಿದೆ ಮೇಡಮ್, ಡಾಕ್ಟರಿಗೆ ತೋರಿಸಿ ಎಂದುಬಿಡುತ್ತಿದ್ದರು. ತಾವು ಊಟ ಮಾಡುತ್ತಿದ್ದದ್ದು ಎಲ್ಲರದ್ದೂ ಮುಗಿದ ಮೇಲೆ, ನಿಂತುಕೊಂಡು, ಅನ್ನದ ಪಾತ್ರೆಯ ಮುಚ್ಚಳದಲ್ಲಿ.

ನಮ್ಮ ಟೂರಿನ ಕೊನೆಯ ಊರು ಆಗ್ರಾ. ಬೆಳಿಗ್ಗೆ ತಾಜ್‌ಮಹಲ್, ಮಧ್ಯಾಹ್ನ ಶ್ರೀಖಂಡ ಪೂರಿಯ ದೊಡ್ಡ ಊಟ, ಸಂಜೆ ಮುಂಬಯಿಯ ರೈಲು. ಕಂಪನಿಯ ಹೆಸರು ನಿಂತಿದ್ದೇ ಆ ಊಟದ ಮೇಲೆ. ಲೆಕ್ಕ ಸುಲಭ. ಗುಂಪು ತಾಜ್ ಮುಂದೆ ನಿಂತು ಗುಮ್ಮಟದ ತುದಿಯನ್ನು ಎರಡು ಬೆರಳಲ್ಲಿ ಹಿಡಿದಂತೆ ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಸರಿಯಾಗಿ ಮಹಾರಾಜ್ ಹಿತ್ತಲಲ್ಲಿ ಹಿಟ್ಟು ನಾದುತ್ತಿರಬೇಕು. ಊಟ ಮುಗಿದ ಮೇಲೆ ಪಾತ್ರೆ ತೊಳೆಸಿ, ಡಬ್ಬಗಳಿಗೆ ಹಗ್ಗ ಕಟ್ಟಿ, ಎಲ್ಲರಿಗಿಂತ ಮೊದಲು ಸ್ಟೇಷನ್ನಿಗೆ ಹೋಗಬೇಕು. ಹೀಗೆ ವರ್ಷವರ್ಷ, ಸೀಸನ್ನಿನ ಮೇಲೆ ಸೀಸನ್ ಆಗ್ರಾಕ್ಕೆ ಹೋಗಿ ಬಂದ ಮನುಷ್ಯ ತಾಜ್‌ಮಹಲನ್ನು ಒಂದೇ ಒಂದು ಸಲವೂ ನೋಡಿರಲಿಲ್ಲ. ನಾನು ರೇಗಿ ಕೇಳುತ್ತಿದ್ದೆ, ಒಂದು ಸಲ ಯಾರನ್ನಾದರೂ ಕೂರಿಸಿ ಹೋಗಿ ಬರಬಾರದೇ ಎಂದು. ಅವರ ಉತ್ತರ ಯಾವಾಗಲೂ ಅದೇ.

“ಅದು ಎಲ್ಲಿಗೆ ಓಡಿ ಹೋಗ್ತದೆ ಮಾರಾಯ್ತಿ? ಪೂರಿ ತಣಿದು ಹೋಗ್ತದೆ.”

ಆಗ್ರಾದಲ್ಲಿ ನಾವು ಇಳಿಯುತ್ತಿದ್ದ ಹೋಟೆಲಿನ ಟೆರೇಸ್ ಹತ್ತಿದರೆ ಗುಮ್ಮಟ ಕಾಣುತ್ತಿತ್ತು. ಒಂದು ಸಲ ಅವರ ಕೈ ಹಿಡಿದು ಎಳೆದೆ. ಬರಲಿಲ್ಲ. ಕಳ್ಳರ ಹಾಗೆ ದೂರದಿಂದ ಇಣುಕುವುದು ಯಾಕೆ, ಒಂದು ದಿನ ಹೆಂಡತಿಯನ್ನು ಕರೆದುಕೊಂಡು ಬಂದು, ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ಇಬ್ಬರೂ ಒಟ್ಟಿಗೆ ನೋಡುವುದು ಎಂದರು. ಅಷ್ಟು ಹೇಳಿ ಹಿಟ್ಟಿನ ಪಾತ್ರೆಯ ಕಡೆ ಹೋದರು.

ಇದರಲ್ಲಿ ಒಂದು ತೊಡಕಿತ್ತು. ಹೆಂಡತಿಯ ಲೆಕ್ಕದಲ್ಲಿ ಅವರು ತಾಜ್‌ಮಹಲನ್ನು ಆಗಲೇ ಬೇಕಾದಷ್ಟು ಸಲ ನೋಡಿಯಾಗಿತ್ತು. ಮೊದಲ ಟೂರ್ ಮುಗಿಸಿ ಬಂದಾಗ ಅವರು ಬಾಡಿಗೆಗಿದ್ದ ಚಾಳಿನ ನೆರೆಯವರೆಲ್ಲ ಸುತ್ತುಗಟ್ಟಿ ಹೇಗಿತ್ತು ಎಂದು ಕೇಳಿದರಂತೆ. ಆಗ್ರಾಕ್ಕೆ ಹೋಗಿ ತಾಜ್ ನೋಡದೆ ಬಂದೆ ಎಂದರೆ ಮರ್ಯಾದೆ ಏನು ಉಳಿಯುತ್ತದೆ? ಚೆನ್ನಾಗಿತ್ತು ಎಂದರು. ಅಲ್ಲಿಂದ ಸುಳ್ಳು ಬೆಳೆಯಿತು. ಪ್ರತಿ ಟೂರಿನಲ್ಲೂ ಬಡಿಸುತ್ತಾ ಟೂರಿಸ್ಟರ ಮಾತುಗಳನ್ನು ಹೆಕ್ಕಿಕೊಳ್ಳುತ್ತಿದ್ದರು. ನಾನು ಕಾಲುನೋವಿನಲ್ಲಿ ಬಂದು ಕುಕ್ಕರಿಸಿದರೆ ಚಹಾ ಕೊಟ್ಟು, ಇವತ್ತು ಯಾವ ಬಣ್ಣ ಇತ್ತು ಎಂದು ಕೇಳುತ್ತಿದ್ದರು. ಬೆಳ್ಳಗ ಇತ್ತು, ಇನ್ನೇನು ಹಸಿರಿರತದೇನು ಎಂದು ನಾನು ಗದರುತ್ತಿದ್ದೆ. ಮುಂಬಯಿಗೆ ಮರಳಿ ಚಾಳಿನ ಗ್ಯಾಲರಿಯಲ್ಲಿ, ಮನೆಗಳ ಮುಂದಿನ ಉದ್ದ ಜಗಲಿಯಲ್ಲಿ, ಕುರ್ಚಿ ಹಾಕಿಕೊಂಡು ಕೂತರೆಂದರೆ ನನ್ನ ಆ ಒಂದು ‘ಬೆಳ್ಳಗೆ’ ಅವರ ಬಾಯಲ್ಲಿ ಬೆಳಗಿನ ಬಣ್ಣ, ಸಂಜೆಯ ಬಣ್ಣ, ಹುಣ್ಣಿಮೆಯ ಬಣ್ಣ ಎಂದು ಅರ್ಧ ಗಂಟೆಯ ಪುರಾಣವಾಗುತ್ತಿತ್ತು. ಒಳಗಿನಿಂದ ಗುಮ್ಮಟಕ್ಕೆ ಒಂದು ಕಲ್ಲಿನ ಮೆಟ್ಟಿಲಿದೆ, ಹತ್ತಿ ನಿಂತರೆ ಯಮುನಾ ನದಿ ಪೂರ್ತಿ ಕಾಣುತ್ತದೆ ಎಂದು ಸೇರಿಸಿದ್ದು ಅವರದೇ ಕೈಚಳಕ. ಚಾಳಿನ ಒಬ್ಬರು ಆಗ್ರಾಕ್ಕೆ ಹೋಗಿ ಬಂದು, ಅಂಥ ಮೆಟ್ಟಿಲು ಎಲ್ಲೂ ಇಲ್ಲವಲ್ಲ ಎಂದಾಗ, ಅದರ ಬಾಗಿಲನ್ನು ಟೂರ್ ಕಂಪನಿಯವರಿಗೆ ಮಾತ್ರ ತೆಗೆಯುವುದು ಎಂದು ಅವರ ಬಾಯಿ ಮುಚ್ಚಿಸಿದರು.

ಹೆಂಡತಿ ಗಿರಿಜಕ್ಕ ಆ ಪುರಾಣವನ್ನು ಬಾಗಿಲಿಗೆ ಒರಗಿ, ಸೊಪ್ಪು ಬಿಡಿಸುತ್ತಾ ಕೇಳುತ್ತಿದ್ದರು. ಮುಂಬಯಿ ಮತ್ತು ಉಡುಪಿ ಬಿಟ್ಟರೆ ಮೂರನೆಯ ಊರು ಕಂಡವರಲ್ಲ. ಮಕ್ಕಳಿಲ್ಲ. ಗಂಡ ವರ್ಷದಲ್ಲಿ ಹೆಚ್ಚಿನ ದಿನ ರೈಲಿನಲ್ಲಿ. ನಮ್ಮನ್ನೂ ಒಮ್ಮೆ ಆ ಮೆಟ್ಟಿಲು ಹತ್ತಿಸಿ ಎಂದು ಅವರು ಗಂಡನಿಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಬರುವ ಸೀಸನ್ನಿಗೆ ಎಂದು ಮಹಾರಾಜ್ ಮಾತು ಹಾರಿಸುತ್ತಿದ್ದರು.

ಮೊಣಕಾಲು ಕೈಕೊಟ್ಟ ಮೇಲೆ ಅವರು ಕೆಲಸ ಬಿಟ್ಟರು. ಫೋರ್ಟಿನ ಆಫೀಸಿನಲ್ಲಿ ಶಾಲು ಹೊದಿಸಿ ಬೀಳ್ಕೊಡುವಾಗ ಸೇಠ್‌ಗೆ ಅದೇನು ಹುಕಿ ಬಂತೋ, ಮಹಾರಾಜ್ ಮತ್ತು ಅವರ ಪತ್ನಿ ಈ ಚಳಿಗಾಲದ ಆಗ್ರಾ ಟೂರಿಗೆ ಕಂಪನಿಯ ಅತಿಥಿಗಳಾಗಿ ಬರುತ್ತಾರೆ ಎಂದು ಘೋಷಿಸಿದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಕೈ ಉರಿಯುವ ಹಾಗೆ ಹೊಡೆದೆ. ನಿಜವಾಗಿ ಸಂತೋಷವಾಗಿತ್ತು.

ಟೂರಿನಲ್ಲಿ ಗಿರಿಜಕ್ಕನಿಗೆ ಕಿಟಕಿಯ ಸೀಟು ಕೊಟ್ಟೆ. ಸಾಸಿವೆಯ ಹೊಲ ಕಂಡರೆ ಗಂಡನ ತೋಳು ಹಿಡಿದು ಅಲ್ಲಾಡಿಸುತ್ತಿದ್ದರು. ಗಂಡನಿಗೆ ಹೊಲ ಬೇಕಾಗಿರಲಿಲ್ಲ. ಮೂಗು ಹಿಂದಿನ ಡಬ್ಬಗಳ ಕಡೆಗೇ ಇತ್ತು. ಅವರ ಜಾಗಕ್ಕೆ ಬಂದಿದ್ದ ಹೊಸ ಅಡುಗೆಯವ ಕೆಟ್ಟವನೇನಲ್ಲ, ಆದರೆ ದೆಹಲಿಯಲ್ಲಿ ಮೊದಲ ದಿನವೇ ದಾಲ್ ನೀರಾಯಿತು. ಹಳೆಯ ಗಿರಾಕಿಗಳು ಇವರ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಇವರ ಮುಖದಲ್ಲಿ ಎಂಥ ತೃಪ್ತಿ ಅಂತೀರಿ! ಪಾಪದವ ಎಂದು ಬಾಯಲ್ಲಿ ಹೇಳುತ್ತಾ ಒಳಗೊಳಗೇ ಉಬ್ಬಿಹೋದರು. ಎದ್ದು ಒಲೆಯ ಕಡೆ ಹೊರಟವರನ್ನು ಗಿರಿಜಕ್ಕ ಅಂಗಿ ಹಿಡಿದು ಕೂರಿಸಿದರು.

ಮಥುರಾದಿಂದ ಹೊರಟಾಗ ಮಂಜು ಕವಿದು ದಾರಿಯೇ ಕಾಣದಂತಾಗಿ ಬಸ್ ನಿಂತುಬಿಟ್ಟಿತು. ಬುಧವಾರ ಸಂಜೆ ಮುಟ್ಟಬೇಕಾದ ಆಗ್ರಾವನ್ನು ಗುರುವಾರ ಮಧ್ಯಾಹ್ನ ಮುಟ್ಟಿದೆವು. ಮರುದಿನ ಶುಕ್ರವಾರ. ಶುಕ್ರವಾರ ತಾಜ್‌ಮಹಲ್‌ಗೆ ರಜೆ. ಹಾಗಾಗಿ ಕೈ ಕಾಲು ತೊಳೆದವರೇ ಹೊರಡಬೇಕು, ಸೂರ್ಯ ಮುಳುಗುವ ಮೊದಲು ನೋಡಿ ಮುಗಿಸಬೇಕು, ದೊಡ್ಡ ಊಟ ಸಂಜೆಗೆ, ರೈಲು ಮರುದಿನಕ್ಕೆ ಎಂದು ನಿರ್ಧಾರವಾಯಿತು. ಬಸ್ ಹೊರಡುವ ಹೊತ್ತಿಗೆ ಮುಂಬಯಿಯಿಂದ ಸೇಠ್ ಫೋನ್ ಬಂತು. ಗಿರಾಕಿಗಳು ದೂರು ಹೇಳಿದ್ದಾರೆ, ಆಗ್ರಾದ ಊಟ ಕೆಟ್ಟರೆ ಕಂಪನಿಯ ಹೆಸರು ಹೋಯಿತು, ಮಹಾರಾಜ್‌ಗೆ ಫೋನ್ ಕೊಡು ಎಂದರು. ಇವರು ಫೋನ್ ಹಿಡಿದು ಎದ್ದು ನಿಂತರು. ಮೊಣಕಾಲು ನೋಯುತ್ತದೆ ಎಂದು ಬಸ್ಸಿನ ಮೆಟ್ಟಿಲಿಗೆ ನನ್ನ ಹೆಗಲು ಹಿಡಿದು ಹತ್ತಿದ್ದ ಮನುಷ್ಯ ನೆಟ್ಟಗೆ ನಿಂತರು. ಸೇಠ್ ಅವರ ಬಾಯಲ್ಲಿ ‘ನಿಮ್ಮಿಂದ ಮಾತ್ರ ಸಾಧ್ಯ’ ಎಂಬ ಮಾತು ಬಂದಿರಬೇಕು. ಎಷ್ಟು ಅಗ್ಗದ ಮಾತು ಅದು! ಅಷ್ಟಕ್ಕೇ ಬಿದ್ದುಹೋದರು.

“ಹೋಗಬ್ಯಾಡ್ರಿ ಮಹಾರಾಜ್,” ಎಂದೆ. “ನೀವು ಈಗ ನೌಕರರಲ್ಲ, ಕಂಪನಿ ಕರದ ಪಾವಣ್ಯಾರು. ಒಂದ್ ಊಟ ಕೆಟ್ರ ಯಾರೂ ಸಾಯಂಗಿಲ್ಲ. ಅಕ್ಕಾರ ಮುಖಾ ನೋಡ್ರಿ ಒಮ್ಮೆ.”

ಅವರು ನೋಡಲಿಲ್ಲ. ಕೋಟು ಬಿಚ್ಚಿ ಸೀಟಿನ ಮೇಲಿಟ್ಟು, ಚೀಲದೊಳಗಿನಿಂದ ಟವೆಲ್ ತೆಗೆದು ಹೆಗಲಿಗೆ ಹಾಕಿದರು. ಅತಿಥಿಯಾಗಿ ಬಂದವರು ಚೀಲದಲ್ಲಿ ಅಡುಗೆಯ ಟವೆಲ್ ಯಾಕೆ ತಂದಿದ್ದರು ಎಂದು ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿದರು. ನನಗೆ ಕನ್ನಡದಲ್ಲಿ, ಅದು ಎಲ್ಲಿಗೆ ಓಡಿ ಹೋಗ್ತದೆ ಎಂದರು. ಸಿಟ್ಟು ಬಂದು, ಸೇಠ್‌ಗೆ ನಾನೇ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಸೇಠ್ ಫೋನಿನಲ್ಲೇ ನಕ್ಕರು. ನಿನಗೆ ಮಹಾರಾಜ್ ಗೊತ್ತಿಲ್ಲ, ಅವರಿಗೆ ಒಲೆಯೇ ತಾಜ್‌ಮಹಲ್ ಎಂದರು.

ಬಸ್ ಹೊರಟಿತು. ಗಿರಿಜಕ್ಕ ಕಿಟಕಿಯ ಪಕ್ಕ, ಅವರ ಪಕ್ಕ ಗಂಡನ ಕೋಟು. ಕೆಂಪು ಕಲ್ಲಿನ ದೊಡ್ಡ ಬಾಗಿಲು ದಾಟಿ ಎದುರಿಗೆ ತಾಜ್ ಕಂಡಾಗ ಗಿರಿಜಕ್ಕ ನಿಂತರು. ಜನ ಹಿಂದಿನಿಂದ ತಳ್ಳುತ್ತಿದ್ದರೂ ಅಲುಗಲಿಲ್ಲ. ಆಗ ಅವರ ಮುಖದಲ್ಲಿ ಬೇಸರ ಇರಲಿಲ್ಲ. ಇವರು ಹೇಳಿದ್ದಕ್ಕಿಂತ ಚಂದ ಉಂಟು ಎಂದರು. ಮೇಲೆ ಹೋಗಿ, ಗೋರಿಯ ಸುತ್ತ ಒಂದು ಸುತ್ತು ಬಂದು, ಮತ್ತೆ ಒಂದು ಸುತ್ತು ಬಂದರು. ಏನು ಹುಡುಕುತ್ತಿದ್ದಾರೆ ಎಂದು ನನಗೆ ಗೊತ್ತಾಗುವುದರೊಳಗೆ ಅಲ್ಲಿದ್ದ ಕಾವಲಿನವನ ಹತ್ತಿರ ಹೋಗಿ, ಗುಮ್ಮಟದ ಮೆಟ್ಟಿಲು ಎಲ್ಲಿ ಎಂದು ತಮ್ಮ ಚಾಳಿನ ಹಿಂದಿಯಲ್ಲಿ ಕೇಳಿದರು. ನನ್ನ ಗಂಡ ಟೂರ್ ಕಂಪನಿಯವರು, ಅವರು ಹತ್ತಿದ್ದಾರೆ ಎಂದರು. ಅವನು ನಕ್ಕ. ನೋಡಲು ಬಂದವರನ್ನು ಮೇಲೆ ಬಿಡುವ ಮೆಟ್ಟಿಲು ಇಲ್ಲ ಮಾತಾಜಿ, ಕಂಪನಿಯವರಿಗೂ ಇಲ್ಲ, ಯಾರೋ ನಿಮ್ಮನ್ನು ಆಡಿಸಿದ್ದಾರೆ ಎಂದ.

ಗಿರಿಜಕ್ಕ ಹೊರಗೆ ಬಂದು ಅಮೃತಶಿಲೆಯ ಕಟ್ಟೆಯ ಮೇಲೆ ಕೂತರು. ನನ್ನ ಕಡೆ ತಿರುಗಿ ಕೇಳಿದರು.

“ನೀವು ಸುಳ್ಳು ಹೇಳ್ಬೇಡಿ. ಇವರು ಒಂದು ಸಲ ಆದ್ರೂ ಇಲ್ಲಿಗೆ ಬಂದಿದ್ದಾರಾ?”

“ಇಲ್ರೀ ಅಕ್ಕಾ,” ಎಂದೆ.

ಅವರು ಅಳಲಿಲ್ಲ. ಸೆರಗು ಬಿಗಿ ಮಾಡಿಕೊಂಡು ಎದ್ದರು. ಹಾಗಾದರೆ ಇಷ್ಟು ವರ್ಷ ನನಗೆ ಅವರು ಹೇಳಿದ್ದು ಯಾವ ತಾಜ್‌ಮಹಲು ಎಂದು ಕೇಳಿದರು. ಕೇಳಿದ್ದು ನನ್ನನ್ನಲ್ಲ. ಫೋಟೋದವನು ಅಡ್ಡ ಬಂದು ಬೆಂಚಿನ ಮೇಲೆ ಕೂರಿ ಎಂದಾಗ ಬೇಡ ಎಂದು ಕೈ ಆಡಿಸಿದರು. ಮತ್ತೆ ಹಿಂದೆ ತಿರುಗಿ ನೋಡಲಿಲ್ಲ.

ಹೋಟೆಲಿಗೆ ಬಂದವರೇ ನೇರವಾಗಿ ಹಿತ್ತಲಿಗೆ ನಡೆದರು. ನಾನೂ ಹಿಂದೆ ಹೋದೆ. ಅಲ್ಲಿ ಕಡಾಯಿಯ ಮುಂದೆ ಮಹಾರಾಜ್ ಬೆವರುತ್ತಾ ಪೂರಿ ಬಿಡುತ್ತಿದ್ದರು. ಅವರ ಎದುರಿಗೆ ಒಂದು ಗೋಡೆ. ಅಡುಗೆಯ ಹೊಗೆಗೆ ಕಪ್ಪಾಗಿ, ಅಲ್ಲಲ್ಲಿ ಗಾರೆ ಕಿತ್ತು, ಒಂದು ಕಡೆ ಕಟ್ಟಿದ ತಂತಿಯಲ್ಲಿ ಹೋಟೆಲಿನವರ ನೆಲ ಒರೆಸುವ ಬಟ್ಟೆ ನೇತಾಡುತ್ತಿತ್ತು. ಗಿರಿಜಕ್ಕ ಒಂದು ಡಬ್ಬ ಬೋರಲು ಹಾಕಿ ಗಂಡನ ಪಕ್ಕ ಕೂತು ಆ ಗೋಡೆಯನ್ನೇ ನೋಡಿದರು. ತಾಜ್ ಮುಂದೆ ನಿಂತದ್ದಕ್ಕಿಂತ ಹೆಚ್ಚು ಹೊತ್ತು ನೋಡಿದರು. ಹೇಗಿತ್ತು ಎಂದು ಮಹಾರಾಜ್ ಕೇಳಿದ್ದಕ್ಕೆ, ನೀವು ಹೇಳಿದ ಹಾಗೇ ಇತ್ತು ಎಂದರಂತೆ. ತುಳುವಿನಲ್ಲಿ ಆಡಿದ ಆ ಮಾತನ್ನು ಮಹಾರಾಜ್ ಅವರೇ ಆಮೇಲೆ ಖುಷಿಯಿಂದ ನನಗೆ ಹೇಳಿದರು.

ಊಟ ಅದ್ಭುತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲರೂ ತಟ್ಟೆಯ ಮುಂದೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಮಹಾರಾಜ್ ಟವೆಲ್ ಸರಿಮಾಡಿಕೊಂಡು, ಗೊತ್ತುಂಟು ಎನ್ನುವಂತೆ ತಲೆಯಾಡಿಸಿದರು. ಆ ಹೊತ್ತು ಅವರನ್ನು ಕಂಡು ನನಗೆ ಪ್ರೀತಿಯೂ ಬಂತು, ಕೆನ್ನೆಗೆ ಎರಡು ಬಿಡಬೇಕು ಎಂದೂ ಅನ್ನಿಸಿತು. ಮಾರನೆಯ ದಿನ ತಾಜ್‌ಮಹಲಿನ ಬಾಗಿಲು ಮುಚ್ಚಿತ್ತು. ನಾವು ಮುಂಬಯಿಯ ರೈಲು ಹತ್ತಿದೆವು.

ಆಮೇಲೆ ಮೊಣಕಾಲು ಪೂರ್ತಿ ಕೂತಿತು, ಹಿಂದೆಯೇ ಎದೆನೋವು. ಮತ್ತೆ ಆಗ್ರಾದ ಮಾತು ಬರಲಿಲ್ಲ. ಆದರೆ ಗ್ಯಾಲರಿಯ ಪುರಾಣ ನಿಲ್ಲಲಿಲ್ಲ. ಈಗ ಅದಕ್ಕೆ, ನಾವಿಬ್ಬರೂ ಹೋದಾಗ ಎಂಬ ಹೊಸ ಅಧ್ಯಾಯ ಸೇರಿತ್ತು. ನಾನು ಹೋಗಿದ್ದ ಒಂದು ಸಂಜೆ ಅದನ್ನು ಹೇಳುತ್ತಾ, ಹೌದಲ್ವನಾ ಎಂಬಂತೆ ಹೆಂಡತಿಯ ಕಡೆ ತಿರುಗಿದರು. ಗಿರಿಜಕ್ಕ ಸೊಪ್ಪು ಬಿಡಿಸುತ್ತಾ ಹೂಂ ಎಂದರು. ಮೆಟ್ಟಿಲಿನ ಮಾತು ಬಂದಾಗಲೂ ಹೂಂ ಎಂದರು. ಗಂಡ ಬದುಕಿರುವ ತನಕ ಆ ಬಾಯಿಂದ ಬೇರೆ ಮಾತು ಹೊರಡಲಿಲ್ಲ.

ಈಗ ಹಾಲ್‌ಗೆ ಬರುತ್ತೇನೆ. ಸೇಠ್ ಮಾತು ಮುಗಿಸಿ ಮೈಕ್ ಕೆಳಗಿಟ್ಟರು. ಇನ್ನೇನು ಜನ ಊಟಕ್ಕೆ ಏಳಬೇಕು, ಮುಂದಿನ ಸಾಲಿನಲ್ಲಿ ಕೂತಿದ್ದ ಗಿರಿಜಕ್ಕ ಎದ್ದರು. ಮೈಕ್ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, ಆದರೆ ಚಾಳಿನವರಿಗೆಲ್ಲ ಕೇಳುವ ಹಾಗೆ ಹೇಳಿದರು.

“ಇವರು ತಾಜ್‌ಮಹಲ್ ನೋಡಿಲ್ಲ. ಒಂದು ಸಲವೂ ನೋಡಿಲ್ಲ. ನೋಡ್ಲಿಕ್ಕೆ ಈ ಸೇಠ್ ಬಿಡ್ಲಿಲ್ಲ. ಅದನ್ನು ಹಿಂದಿಯಲ್ಲಿ ಹೇಳಿ ಅವರಿಗೆ. ಹೇಳಿ, ಆ ಬ್ಯಾನರ್ ತೆಗಿಲಿಕ್ಕೆ ಹೇಳಿ.”

ನಾನು ಹೇಳಿದೆ. ಒಂದು ಅಕ್ಷರ ಬಿಡದೆ, ಸ್ವಲ್ಪವೂ ಮೆತ್ತಗೆ ಮಾಡದೆ ಹೇಳಿದೆ. ಸೇಠ್ ಮುಖ ಸಣ್ಣದಾಯಿತು. ದುಃಖದಲ್ಲಿದ್ದಾರೆ, ಬಿಡಿ ಎಂದು ಯಾರಿಗೋ ಅಂದರು. ಗಿರಿಜಕ್ಕ ಕೂರಲಿಲ್ಲ. ಆಫೀಸಿನ ಇಬ್ಬರು ಮುಖ ಮುಖ ನೋಡಿಕೊಂಡು ಕೊನೆಗೆ ಕುರ್ಚಿ ಹತ್ತಿ ಹಗ್ಗ ಬಿಚ್ಚಿದರು. ತಾಜ್‌ಮಹಲ್ ಸರಸರನೆ ಮಡಿಚಿಕೊಂಡು ಕೆಳಗೆ ಬಿತ್ತು. ಕುರ್ಚಿಯ ಮೇಲೆ ಮಾಲೆ ಹಾಕಿಟ್ಟಿದ್ದ ಮನೆಯ ಸಣ್ಣ ಫೋಟೋ ಒಂದೇ ಉಳಿಯಿತು. ಅದರ ಹಿಂದೆ ಹಾಲ್‌ನ ಗೋಡೆ, ಮಳೆನೀರು ಇಳಿದು ಕಪ್ಪು ಕಲೆ ಹಿಡಿದದ್ದು.

ಗಿರಿಜಕ್ಕ ಫೋಟೋವನ್ನು ಸ್ವಲ್ಪ ಹಿಂದಕ್ಕೆ ಸರಿಸಿ, ಗೋಡೆಗೆ ತಾಗಿಸಿ ಇಟ್ಟರು.

“ಈಗ ಸರಿ ಆಯ್ತು,” ಎಂದರು. “ಎಲ್ಲರೂ ಊಟಕ್ಕೆ ಏಳಿ. ತಣಿದು ಹೋಗ್ತದೆ.”